ತಾಡಪತ್ರಿ ಹಾಸದೆ ಬಿಚ್ಚಿದ ಚೀಲ

‘ರೀಡ್‌ಮೀ’ ಎಂದು ಹೆಸರಿಟ್ಟರೆ ಜನ ಓದಿಯೇ ಓದುತ್ತಾರೆಂದು ನಂಬಿದವಳು ನಾನು. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದ ಪ್ರಾಣಿ, ಕುಕ್ಕರಿನ ಜೊತೆ ಬಂದ ಇನ್‌ಸ್ಟ್ರಕ್ಷನ್ಸನ್ನೂ ಕೊನೆಯ ಸಾಲಿನವರೆಗೆ ಓದುತ್ತೇನೆ. ಹಾಗಾಗಿ, ನಾನು ಹೋದ ಮೇಲೆ ಏನೇನಾಗಬೇಕೆಂದು ಅಣ್ಣನ ಮಗ ಬಸವರಾಜನಿಗೆ ಮೂರು ಪುಟ ಟೈಪ್ ಮಾಡಿ, ಅದೇ ಹೆಸರಿನಲ್ಲಿ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆ. ಯಾವ ಸೀರೆ ಯಾರಿಗೆ, ಯಾವ ನೆಂಟರನ್ನು ಕರೆಯಕೂಡದು, ಎಲ್ಲ ಇತ್ತು. ಕೊನೆಗೊಂದು ಥ್ಯಾಂಕ್ಸ್. ಮಷೀನ್ ಚೆಕ್ ಮಾಡುವ ನೆಪ ಹೇಳಿ ಅವನು ಪ್ರತಿ ಭಾನುವಾರ ಬಂದು ನನ್ನ ಜೊತೆ ಉಣ್ಣುತ್ತಾನಲ್ಲ, ಅದಕ್ಕೆ. ಎದುರಿಗೆ ಹೇಳಲು ನಾಲಿಗೆ ಏಳದೆ, ಒಂದು ತಿಂಗಳು ತಿದ್ದಿ ಬರೆದ ಸಾಲು.

ಆ ಮೂರು ಪುಟ ಈಗಿಲ್ಲ. ಒಂದು ಕ್ರಾಸ್‌ವರ್ಡ್ ಆಟದ ಆಸೆಗೆ ಬಲಿಯಾದವು.

ಬಸವರಾಜನಿಗೆ ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಅಂಗಡಿ. ನನ್ನ ಹಳೆಯ ಮಷೀನಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, “ಅತ್ತಿ, ಇದು ಪೂರಾ ಫ್ರೀ” ಎಂದು ಬ್ಯಾಡಗಿಗೆ ತಂದುಕೊಟ್ಟ. ಫ್ರೀ ಎಂಬುದು ಖರೆ. ಯಾವುದೋ ದೇಶದ ಪುಣ್ಯಾತ್ಮರು ಸಾಫ್ಟ್‌ವೇರ್ ಬರೆದು, ಒತ್ತಿ ಒತ್ತಿ ಗಂಟು ಕಟ್ಟಿ, ಪುಕ್ಕಟೆ ಹಂಚುತ್ತಾರೆ. ಬಿಚ್ಚುವ ಕರ್ಮ ಮಾತ್ರ ನಮ್ಮದು. ಬಿಚ್ಚಿದರೆ, ಇದು ನಡೆಯಲು ಇನ್ನೊಂದು ಗಂಟು ಬೇಕು ಎನ್ನುತ್ತದೆ. ಆ ಇನ್ನೊಂದಕ್ಕೆ ಮತ್ತೊಂದು. ಒಂದು ಸರ್ಟಿಫಿಕೇಟಿಗಾಗಿ ಹಾವೇರಿಗೆ ನಾಲ್ಕು ಸಲ ಅಲೆದವಳಿಗೆ ಇದೇನೂ ಹೊಸದಲ್ಲ. ಇಲ್ಲಿ ಸಾಹೇಬರು ಊಟಕ್ಕೆ ಹೋಗಿರುವುದಿಲ್ಲ, ಅಷ್ಟೇ ಡಿಫರೆನ್ಸ್.

ಹಿಂದೆ ಬಿಚ್ಚಿದ ಗಂಟುಗಳು ವೆಲ್-ಬ್ರಾಟ್-ಅಪ್ ಮಕ್ಕಳಂತೆ ತಮ್ಮದೇ ಫೋಲ್ಡರಿನಲ್ಲಿ ಕೂತಿದ್ದವು. ಈ ಕ್ರಾಸ್‌ವರ್ಡಿನದು ಹಾಗಲ್ಲ. ಕಮಾಂಡ್ ಕೊಟ್ಟೆನೋ ಇಲ್ಲವೋ, ನೂರಾರು ಫೈಲುಗಳು ಡೆಸ್ಕ್‌ಟಾಪ್ ತುಂಬ ಉರುಳಿದವು. ಅವುಗಳಲ್ಲೂ ಒಂದು ರೀಡ್‌ಮೀ ಇತ್ತು. ಎಕ್ಸ್‌ಕ್ಯೂಸ್ ಮೀ ಎಂದೂ ಅನ್ನದೆ ನನ್ನದನ್ನು ಅಳಿಸಿ ಆ ಜಾಗದಲ್ಲಿ ಕೂತುಬಿಟ್ಟಿತು.

ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಪಕ್ಕದ ಮನೆಯ ಗಂಗವ್ವ ಚಹಾಕ್ಕೆ ಬಂದಿದ್ದಳು. ಪರದೆಗೆ ಇಣುಕಿ, “ಏನ್ರಿ ಬಾಯಾರ, ಹಿಂಗ ಚೆಲ್ಲಾಪಿಲ್ಲಿ?” ಎಂದಳು.

“ಗಂಟು ಬಿಚ್ಚಿದೆ, ಗಂಗವ್ವಾ.”

“ತಾಡಪತ್ರಿ ಹಾಸಲಾರದ ಯಾರರ ಚೀಲ ಬಿಚ್ಚತಾರೇನ್ರಿ? ಇಷ್ಟ ಓದೀರಿ!”

ಕಾಯಿ ಸುರಿಯುವ ಮೊದಲು ಟಾರ್ಪಾಲಿನ್ ಹಾಸಿದಂತೆ, ಹೊಸ ಫೋಲ್ಡರ್ ಮಾಡಿ ಅದರೊಳಗೆ ಬಿಚ್ಚಬೇಕಿತ್ತಂತೆ. ಫೋನಿನಲ್ಲಿ ಬಸವರಾಜ ಹೇಳಿದ್ದೂ ಗಂಗವ್ವನ ಮಾತನ್ನೇ, ಇಂಗ್ಲಿಷಿನಲ್ಲಿ.

“ಬ್ಯಾಕಪ್ ಐತೇನ್ ಅತ್ತಿ?”

“ಇದ್ದಿದ್ರ ನಿನಗ್ಯಾಕ ಫೋನ್ ಮಾಡ್ತಿದ್ನೋ?”

“ಅಂಥಾದ್ದೇನಿತ್ತು ಅದರಾಗ?”

“ನಾ ಸತ್ತ ಮ್ಯಾಲ ನೀ ಓದೋದು.”

“ಹಂಗಾರ ಗಡಿಬಿಡಿ ಏನಿಲ್ಲ ಬಿಡು” ಎಂದ.

ಉಳಿದದ್ದು ಆ ಪರದೇಶಿಯ ರೀಡ್‌ಮೀ. ಅಭ್ಯಾಸಬಲ, ಪೂರ್ತಿ ಓದಿದೆ. ಕೊನೆಯಲ್ಲಿತ್ತು: ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇವೆ, ಯಾವ ಗ್ಯಾರಂಟಿಯೂ ಇಲ್ಲ, ಬೇಕಾದಂತೆ ಬದಲಿಸಿಕೊಳ್ಳಿ. ಮೂರು ಪುಟ ಅಪ್ಪಣೆ ಹೊರಡಿಸಿದ್ದ ನನಗೆ ಕೊಂಚ ನಾಚಿಕೆಯೇ ಆಯಿತು. ಸೀರೆ, ನೆಂಟರು, ಎಲ್ಲಕ್ಕೂ ಸೇರಿಸಿ ಆ ಒಂದೇ ಸಾಲನ್ನು ಹೊಸ ಕಾಗದಕ್ಕೆ ಇಳಿಸಿಕೊಂಡೆ.

ಥ್ಯಾಂಕ್ಸ್ ಮಾತ್ರ ಬರೆಯಲಿಲ್ಲ. ಭಾನುವಾರ ಅವನು ರೊಟ್ಟಿ ಮುರಿಯುತ್ತಿದ್ದಾಗ ಬಾಯಿಬಿಟ್ಟು ಹೇಳಿಬಿಟ್ಟೆ.

ಬಸವರಾಜ ರೊಟ್ಟಿ ಬಿಟ್ಟು, ಎಡಗೈಯನ್ನು ನನ್ನ ಹಣೆಯ ಮೇಲಿಟ್ಟ. “ಜ್ವರ ಏನರ ಬಂದಾವೇನ್ ಅತ್ತಿ?”