ಕೂಸಿನ ದೇವರ ರೋಜಿಬಾಯಿ

ರೋಜಿಬಾಯಿ ಹೆರಿಗೆ ಮಾಡಿಸಲು ಹೊರಟರೆಂದರೆ ಒಂದು ಕೈಯಲ್ಲಿ ಔಷಧದ ಪೆಟ್ಟಿಗೆ, ಇನ್ನೊಂದು ಕಂಕುಳಲ್ಲಿ ದೇವರು. ಗೇಣುದ್ದದ ಕಟ್ಟಿಗೆಯ ಮೂರ್ತಿ ಅದು. ತಲೆಯ ಮೇಲೆ ಕಿರೀಟ, ಹರಸಲು ಎತ್ತಿದ ಪುಟ್ಟ ಬಲಗೈ. ಬಾಲ ಯೇಸು ಎಂದು ಅವರು ಎಷ್ಟು ಸಲ ಹೇಳಿಕೊಟ್ಟರೂ ಹಾನಗಲ್ಲಿನ ಹೆಂಗಸರ ಬಾಯಲ್ಲಿ ಅದು ಕೂಸಿನ ದೇವರಾಗಿಯೇ ಉಳಿಯಿತು. ಚಳಿಗಾಲದಲ್ಲಿ ಅದಕ್ಕೆ ದಪ್ಪ ಬಟ್ಟೆಯ ಅಂಗಿ ಹೊಲಿದು ತೊಡಿಸುವರು. ಹಬ್ಬಕ್ಕೆ ರೇಷ್ಮೆ ಅಂಚಿನದು. ನಮ್ಮ ಅತ್ತೆಯಂತೂ ಹಳೆಯ ಇಳಕಲ್ ಸೀರೆ ಹರಿದಾಗ ಸೆರಗಿನ ತುಂಡನ್ನು ಆ ಅಂಗಿಗೆಂದೇ ಎತ್ತಿಡುತ್ತಿದ್ದರು.

ಅವರು ಗೋವೆಯ ಕಡೆಯವರು. ರೈಲ್ವೆಯಲ್ಲಿದ್ದ ಗಂಡ ಹುಬ್ಬಳ್ಳಿಯಲ್ಲಿ ತೀರಿಕೊಂಡ ಮೇಲೆ ನರ್ಸ್ ಕೆಲಸ ಕಲಿತು ನಮ್ಮೂರಿಗೆ ಬಂದು, ನಮ್ಮ ಪಡಸಾಲೆಗೆ ಹೊಂದಿದ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ನಾನು ಆ ಮನೆಗೆ ಸೊಸೆಯಾಗಿ ಬಂದು ಆಗಿನ್ನೂ ಒಂದೇ ವರ್ಷವಾಗಿತ್ತು. ಊರಲ್ಲಿ ಅವರಿಗೆ ಇಗರ್ಜಿಯೂ ಇರಲಿಲ್ಲ, ಪಾದ್ರಿಯೂ ಇರಲಿಲ್ಲ. ಭಾನುವಾರ ಮೂರ್ತಿಯ ಮುಂದೆ ಮೇಣದ ಬತ್ತಿ ಹಚ್ಚಿ, ಮೊಣಕಾಲೂರಿ, ಒಬ್ಬರೇ ಹಾಡುತ್ತಿದ್ದರು. ದನಿ ಒಡಕು, ಅದರ ಪರಿವೆ ಅವರಿಗೆ ಇರಲಿಲ್ಲ.

ಬೇಡಿದ್ದನ್ನೆಲ್ಲ ಈ ದೇವರು ಕೊಡುತ್ತಾನೇನು ಎಂದು ಒಮ್ಮೆ ಕೇಳಿದೆ. ಗಂಡನನ್ನು ಉಳಿಸೆಂದು ಬೇಡಿದ್ದರಂತೆ, ಉಳಿಯಲಿಲ್ಲ. ಮೂರು ದಿನ ಮೂರ್ತಿಯ ಸಂಗಡ ಮಾತು ಬಿಟ್ಟು, ನಾಲ್ಕನೆಯ ದಿನ ಮತ್ತೆ ಬತ್ತಿ ಹಚ್ಚಿದರಂತೆ. "ಬೇಡೂದು ನನ್ನ ಕೆಲಸ, ನೀಲವ್ವಾ. ಕೊಡೂದು ಬಿಡೂದು ಅವಂದು. ಅವನ ಕೆಲಸ ನಾ ಯಾಕ ಮಾಡ್ಲಿ?" ಅಂದರು.

ಎರಡನೆಯ ಮಹಾಯುದ್ಧ ಶುರುವಾದ ವರ್ಷ ನಾನು ಬಸುರಾದೆ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಚೊಚ್ಚಲ ಹೆರಿಗೆಯೂ ಅತ್ತೆಮನೆಯಲ್ಲೇ ಆಯಿತು. ಎರಡು ದಿನ ಬೇನೆ ತಿಂದೆ. ರೋಜಿಬಾಯಿ ಮಗ್ಗುಲು ಬಿಟ್ಟು ಏಳಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಗಂಡು ಹುಟ್ಟಿತು, ಅಳಲಿಲ್ಲ. ಮೈಯೆಲ್ಲ ನೀಲಿ. ಅತ್ತೆ ಅಳುತ್ತ ದೇವರ ಜಗಲಿಯ ಕಡೆ ಓಡಿದರು. ರೋಜಿಬಾಯಿ ಕೂಸಿನ ಬೆನ್ನು ತಿಕ್ಕಿದರು, ಅಂಗಾಲಿಗೆ ಬಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀಲವ್ವಾ, ಉಸಿರಾಡವಲ್ದು. ಹಂಗ ಬರೇ ಕೈಲೆ ಕಳಸೂದು ಬ್ಯಾಡ. ನೀರು ಹಾಕಿ ನಮ್ಮ ದೇವರಿಗೆ ಒಪ್ಪಸ್ಲೇನು?"

"ಯಾರಿಗರೆ ಒಪ್ಪಸ್ರಿ ಬಾಯಾರ, ನನ್ನ ಕೂಸು ಉಳಸ್ರಿ," ಅಂದೆ. ಪೂರಾ ಎಚ್ಚರದಲ್ಲಿ ಅಂದೆ.

ಅವರು ಕೂಸಿನ ಹಣೆಗೆ ಮೂರು ಸಲ ನೀರು ಹನಿಸಿ ತಮ್ಮ ಮತದ ದೀಕ್ಷೆಯ ಮಾತು ಹೇಳಿದರು. ಹೇಳಿದವರು ಅಷ್ಟಕ್ಕೆ ಬಿಡಲಿಲ್ಲ. ಕೂಸಿನ ಬಾಯಿಗೆ ತಮ್ಮ ಬಾಯಿ ಹಚ್ಚಿ ಮೆಲ್ಲಗೆ ಊದಿದರು, ಮತ್ತೆ ಊದಿದರು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ನನ್ನ ಕೂಸು, ನನ್ನ ಬಸು, ಅತ್ತ.

ಬಾಣಂತನದಲ್ಲಿ ಎರೆಯುವಾಗ ಅವರೇ ಆ ಮಾತು ತೆಗೆದರು. "ಉಳಿಯೂದಿಲ್ಲ ಅಂತ ನೀರು ಹಾಕಿದೆ. ಉಳದ. ಇನ್ನ ನಿಮ್ಮ ಕೂಸು, ನಿಮ್ಮ ದೇವರು," ಅಂದು ನಕ್ಕರು. ನಮ್ಮ ಐನಾರು ಬಂದು ಬಸುಗೆ ಲಿಂಗ ಕಟ್ಟಿದ ದಿನ ಎಲ್ಲರಿಗಿಂತ ಹೆಚ್ಚು ಸಜ್ಜಕ ಉಂಡವರು ರೋಜಿಬಾಯಿ.

ಮೂರು ವರ್ಷದ ನಂತರ ಹಿಂದಿನ ಓಣಿಯಲ್ಲಿ ಒಂದು ಕೂಸು ಹುಟ್ಟುತ್ತಲೇ ಹೋಯಿತು. ರೋಜಿಬಾಯಿ ಅದರ ಹಣೆಗೂ ನೀರು ಹನಿಸಿದ್ದನ್ನು ಆ ಕೂಸಿನ ಅಜ್ಜಿ ನೋಡಿದಳು. ನರ್ಸಬಾಯಿ ಕೂಸುಗಳ ಜಾತಿ ಕೆಡಿಸುತ್ತಾಳೆ ಎಂದು ಊರೆಲ್ಲ ಆಯಿತು. ಮರುದಿನ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂಡಿದರು. ರೋಜಿಬಾಯಿ ಅಂಗಳದಲ್ಲಿ ನಿಂತಿದ್ದರು. ಈ ಮನೆಯಲ್ಲೂ ನೀರು ಹಾಕಿದ್ದಳೇನು ಎಂದು ಹಿರಿಯರು ಕೇಳಿದರು. ಬಾಗಿಲ ಮರೆಯಲ್ಲಿದ್ದ ನಾನು ಹೌದೆಂದೆ. ಮಾವನ ಮುಖ ಕಪ್ಪಿಟ್ಟಿತು.

"ನಿನ್ನ ಕೇಳಿ ಹಾಕಿದ್ಲೇನು?" ಅಂದರು ಮಾವ.

ಒಪ್ಪಿದ್ದೆನೆಂದರೆ ನನ್ನನ್ನು ತಾಯಿಯಿಲ್ಲದ ತವರಿಗೆ ಅಟ್ಟುತ್ತಿದ್ದರು, ಮಗನನ್ನು ಇಟ್ಟುಕೊಳ್ಳುತ್ತಿದ್ದರು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಆ ಗಳಿಗೆಯಲ್ಲಿ ಅಷ್ಟೆಲ್ಲ ಹೊಳೆದಿರಲಿಲ್ಲ. ಬರೀ ಹೆದರಿಕೆ.

"ಇಲ್ರಿ. ನನಗ ಎಚ್ಚರ ಇರ್ಲಿಲ್ಲ."

ರೋಜಿಬಾಯಿ ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ, ಬಾಣಂತಿಗೆ ಜ್ವರ ಬಂದಿದೆಯೇನೋ ಎಂದು ನೋಡುವ ನೋಟ. ಆಮೇಲೆ ಹಿರಿಯರಿಗೆ ಹೇಳಿದರು: "ಖರೆ ಐತ್ರಿ. ಆಕಿಗೆ ಎಚ್ಚರ ಇರ್ಲಿಲ್ಲ. ತಪ್ಪು ನಂದ."

ಊರು ಬಿಡಬೇಕೆಂದು ಹಿರಿಯರು ತೀರ್ಪು ಕೊಟ್ಟರು. ಮರುದಿನ ಮುಂಜಾನೆ ರೋಜಿಬಾಯಿ ಚಕ್ಕಡಿಯಲ್ಲಿ ಸವಣೂರಿಗೆ ಹೊರಟರು, ಮೂರ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಬಸು ಕಿಟಕಿಯಿಂದ "ಬಾಯಾರ" ಎಂದು ಕೂಗಲು ಹೋದ. ನಾನು ಅವನ ಬಾಯಿ ಮುಚ್ಚಿದೆ. ಅವರು ಉಸಿರು ಊದಿದ್ದ ಬಾಯಿ.

ಅತ್ತೆ ತೀರಿಕೊಂಡ ವರ್ಷ, ಧೈರ್ಯ ಮಾಡಿ, ಮನೆಯಲ್ಲಿ ಹೇಳದೆ ಮೋಟಾರು ಹತ್ತಿ ಸವಣೂರಿಗೆ ಹೋದೆ. ಓಣಿಯಲ್ಲಿ ಎಲ್ಲರಿಗೂ ಅವರ ಮನೆ ಗೊತ್ತಿತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೊದಲು ಬಸು ಏನು ಓದುತ್ತಿದ್ದಾನೆಂದು ಕೇಳಿದರು. ನಾನು ಅಳುತ್ತ ಎಲ್ಲ ಹೇಳಿದೆ. ಹೋಗಲಿ ಬಿಡು ಅನ್ನುತ್ತಾರೆಂದು ಕಾದೆ. ಅನ್ನಲಿಲ್ಲ.

"ಅವತ್ತ ನಾನೂ ಸುಳ್ಳು ಹೇಳಿದೆ," ಅಂದರು. "ಹುಬ್ಬಳ್ಳಿಗೆ ಹೋದಾಗ ಪಾದ್ರಿ ಮುಂದ ಹೇಳಿ ಆ ಭಾರ ಇಳಿಸಿ ಬಂದೆ. ನೀ ಇದನ್ನ ನನಗ ಹೇಳಿ ಏನ್ ಮಾಡ್ತಿ? ನನಗ ಗೊತ್ತಿದ್ದದ್ದ. ನಿಮ್ಮ ಮನ್ಯಾಗ ಹೇಳು."

ಚಹಾ ಕುಡಿಸಿ, ಮೋಟಾರಿನ ತನಕ ಬಂದು ಕಳಿಸಿದರು.

ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತ ಬಂದೆ. ಗಂಡ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಸಹಜವಾಗಿ ಕೇಳಿದರು. ಅತ್ತೆ ಇರಲಿಲ್ಲ. ಮಾವ ಹಾಸಿಗೆ ಹಿಡಿದು, ಕಿವಿಯೂ ಕೇಳದಾಗಿದ್ದರು. ನಾನು ಹೆದರಬೇಕಾದವರು ಯಾರೂ ಉಳಿದಿರಲಿಲ್ಲ.

"ಚಿಕ್ಕವ್ವನ ಮನೀಗೆ ಹೋಗಿದ್ನಿ," ಅಂದೆ.

ಮರುವರ್ಷ ಸವಣೂರಿನ ಸಂತೆಯಿಂದ ಬಂದವರೊಬ್ಬರು ರೋಜಿಬಾಯಿ ಹೋದ ಸುದ್ದಿ ತಂದರು. ಗಂಡನಿಗೆ ನಿಜಕ್ಕೂ ಕೆಡುಕೆನಿಸಿತು.

"ಒಳ್ಳೇ ಹೆಣ್ಮಗಳು," ಅಂದರು. "ನಮ್ಮ ಬಸುನ್ನ ಉಳಿಸಿದಾಕಿ. ಆದ್ರ ನೀರು ಹಾಕೂ ಮೊದಲ ನಿನ್ನ ಒಂದ್ ಮಾತು ಕೇಳಬೇಕಾಗಿತ್ತು."

ನಾನು ಹೂಂ ಅಂದೆ.