ಬಿಳಿಯಮ್ಮನ ಅಂಗಳ

ಸಿದ್ದಲಕ್ಷ್ಮಮ್ಮನಿಗೆ ಕಸ ಕಂಡರೆ ಆಗದು. ಪಾಲಕೋಡಿನ ಆಚೆ, ಕಾಡಂಚಿನ ಆ ಊರಿನಲ್ಲಿ ಅವಳ ಅಂಗಳದಷ್ಟು ಚೊಕ್ಕಟವಾದ ಅಂಗಳ ಇನ್ನೊಂದಿರಲಿಲ್ಲ. ಗಂಡ ಸತ್ತ ಮಾರನೆಯ ಬೆಳಗ್ಗೆಯೂ ಪೊರಕೆ ಹಿಡಿದಿದ್ದಳೆಂದು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಹೊಲದಲ್ಲಿ ಗೇದು ಒಬ್ಬಳೇ ಮಗಳನ್ನು ಬೆಳೆಸಿದವಳಿಗೆ ಅಷ್ಟು ಹಟವಾದರೂ ಬೇಡವೇ?

ಆ ಮಗಳು ರಾಧಾ. ಓಮಲೂರು ಕಡೆಗೆ ಕೊಟ್ಟಿದ್ದರು. ಎರಡು ಸಲ ಬಸುರು ನಿಲ್ಲಲಿಲ್ಲ. ತೊಂಬತ್ತಮೂರರ ಬೇಸಿಗೆಯಲ್ಲಿ ಅವಳ ಅತ್ತೆ ಚೆಲ್ಲಮ್ಮ ಬಂದು ಕಡ್ಡಿ ಮುರಿದಂತೆ ಹೇಳಿದಳು: ಈ ಆಡಿ ತಿಂಗಳ ಮಳೆಗೆ ಬಿಳಿಯಮ್ಮ ಎದ್ದರೆ ಸೊಸೆಯನ್ನು ಇಟ್ಟುಕೊಳ್ಳುತ್ತೇವೆ, ಏಳದಿದ್ದರೆ ಮಗ ಚಿನ್ನರಾಜನಿಗೆ ಬೇರೆ ಹೆಣ್ಣು ತರುತ್ತೇವೆ.

ಬಿಳಿಯಮ್ಮ ಎಂದರೆ ಗುಡಿಯಲ್ಲ, ಕಲ್ಲೂ ಅಲ್ಲ. ಕಾಡಿನೊಳಗೆ ಬಿದಿರುಮೆಳೆಯ ನೆರಳಲ್ಲಿ, ಮಳೆ ಬಿದ್ದ ಮೇಲೆ ಏಳುವ ಗೇಣುದ್ದದ ಗಿಡ. ಎಲೆಯಿಲ್ಲ, ಎಳ್ಳಷ್ಟು ಹಸಿರಿಲ್ಲ. ಬಿಳಿ ಕಡ್ಡಿ, ತಲೆ ತಗ್ಗಿಸಿದ ಬಿಳಿ ಹೂಗಳು. ವಾರದಲ್ಲಿ ಕರಗಿಹೋಗುತ್ತದೆ. ಯಾರ ಹೆಸರಲ್ಲಿ ಹರಕೆ ಹೊತ್ತು ಕಾಯುತ್ತಾರೋ ಅವಳ ಮಡಿಲು ತುಂಬುತ್ತದೆಂದು ಆ ಸೀಮೆಯ ಒಕ್ಕಲು ಮನೆಗಳ ನಂಬಿಕೆ. ಅದು ಏಳದ ವರ್ಷ ಅಪರೂಪ.

ಆದರೂ ಸಿದ್ದಲಕ್ಷ್ಮಮ್ಮ ಕೈಕಟ್ಟಿ ಕೂರುವ ಹೆಂಗಸಲ್ಲ. ಅಮ್ಮ ಬರುವ ಜಾಗ ಕೊಳೆತ ಎಲೆಯ ತಿಪ್ಪೆಯಾಗಿರಬಹುದೇ? ದಿನವೂ ಹೋಗಿ ಮೆಳೆಯ ಬುಡವನ್ನೆಲ್ಲ ಗುಡಿಸಿದಳು. ಮಣ್ಣು ಕೆರೆದು ಸಮ ಮಾಡಿ, ಸಗಣಿಯಿಂದ ಸಾರಿಸಿ, ರಂಗೋಲಿ ಇಟ್ಟಳು. ನಡುಗಾಡಿನಲ್ಲಿ ಅವಳ ಮನೆಯ ಅಂಗಳದಂಥದೇ ಒಂದು ಅಂಗಳವಾಯಿತು.

ಆಡಿ ಬಂತು, ಮಳೆಯೂ ಬಂತು. ಬಿಳಿಯಮ್ಮ ಬರಲಿಲ್ಲ. ರಾಧಾ ಟ್ರಂಕು ಹಿಡಿದು ಬಸ್ಸಿಳಿದಳು. ಸಂಕ್ರಾಂತಿಯ ತೈ ತಿಂಗಳಲ್ಲಿ ಚಿನ್ನರಾಜ ಕಲೈವಾಣಿ ಎಂಬ ಹುಡುಗಿಗೆ ತಾಳಿ ಕಟ್ಟಿದ.

ಮರುವರ್ಷ ಕಾಡಿನ ಗಿಡ ಹುಡುಕಿಕೊಂಡು ಸೇಲಂನಿಂದ ಕಾಲೇಜಿನ ಮೇಷ್ಟ್ರು ಕೃಷ್ಣಪ್ರಸಾದ್ ಬಂದರು. ದಾರಿ ತೋರಿಸಲು ಹೋದವಳು ಸಿದ್ದಲಕ್ಷ್ಮಮ್ಮನೇ. ಸಾರಿಸಿದ ನೆಲ ಕಂಡು ಯಾರು ಹೀಗೆ ಮಾಡಿದ್ದೆಂದು ಅವರು ಕೇಳಿದರು. ಪೊರಕೆ ತಾಗದ ಕಡೆ ಅವರು ಕೊಳೆತ ಎಲೆಯ ಪದರ ಎತ್ತಿ ತೋರಿಸಿದರು. ಕೆಟ್ಟ ಉಪ್ಪಿನಕಾಯಿಯ ಮೇಲಿನ ಬೂಷ್ಟಿನಂತೆ ಬಿಳಿ ಎಳೆಗಳು ಎಲೆಯಿಂದ ಎಲೆಗೆ ಹಬ್ಬಿದ್ದವು. ಹಸಿರಿಲ್ಲದ ಗಿಡ ತನ್ನ ಅನ್ನ ತಾನು ಮಾಡಿಕೊಳ್ಳಲಾರದು, ಈ ಬೂಷ್ಟೇ ಎಲೆ ಕೊಳೆಸಿ ತಿಂದು ನೆಲದಡಿಯ ಗೆಡ್ಡೆಗೂ ಉಣಿಸುತ್ತದೆ, ಎಲೆ ಗುಡಿಸಿದರೆ ಎರಡಕ್ಕೂ ಉಪವಾಸ ಎಂದು ಬಿಡಿಸಿ ಹೇಳಿದರು. ಸಿದ್ದಲಕ್ಷ್ಮಮ್ಮನಿಗೆ ಆಗ ತಿಳಿಯಿತು: ಮಗಳ ಬಾಳನ್ನು ತನ್ನ ಕೈಯಾರೆ ಗುಡಿಸಿಹಾಕಿದ್ದಳು.

ಮಗಳಿಗೆ ಹೇಳಲು ನಾಲಿಗೆ ಏಳಲಿಲ್ಲ. ಕುಕ್ಕೆಗಟ್ಟಲೆ ತರಗೆಲೆ ಹೊತ್ತು ತಂದು ಆ ನೆಲಕ್ಕೆ ಸುರಿಯತೊಡಗಿದಳು. ಏನೋ ಹರಕೆಯಿರಬೇಕೆಂದು ರಾಧಾಳೂ ಜೊತೆಗೆ ಹೊತ್ತಳು.

ತೊಂಬತ್ತೇಳರ ಬೇಸಿಗೆಯಲ್ಲಿ ಇಬ್ಬರೂ ಎಲೆ ಹೊತ್ತು ಹೋದಾಗ ಮೆಳೆಯ ಬಳಿ ಕಲೈವಾಣಿ ನಿಂತಿದ್ದಳು. ಕೈಯಲ್ಲಿ ಪೊರಕೆ, ಪಕ್ಕದಲ್ಲಿ ಸಗಣಿ ಬುಟ್ಟಿ. ಅವಳಿಗೂ ಬಸುರು ನಿಂತಿರಲಿಲ್ಲ. ಚೆಲ್ಲಮ್ಮ ಅವಳಿಗೂ ಅದೇ ಮಾತು ಹೇಳಿದ್ದಳು.

ಸುಮ್ಮನಿದ್ದರೆ ಸಾಕಿತ್ತು. ಆ ಮನೆ ಇನ್ನೊಮ್ಮೆ ಒಡೆಯಲಿ ಎಂದೇ ಸಿದ್ದಲಕ್ಷ್ಮಮ್ಮನಿಗೆ ಅನಿಸಿತು. ಆದರೆ ಹುಡುಗಿ ಬಗ್ಗಿ ಗುಡಿಸತೊಡಗಿದ್ದೇ ತಡ, ಇವಳ ಕೈ ತಾನಾಗಿ ಹೋಗಿ ಆ ಪೊರಕೆ ಹಿಡಿಯಿತು.

"ಗುಡಿಸಬ್ಯಾಡ ತಾಯಿ. ಎಲೆ ಅಂಗೇ ಇರ್ಲಿ, ಅದೇ ಅಮ್ಮನ ಅನ್ನ. ನಾನು ಗುಡಿಸಿ ಗುಡಿಸೇ ನನ್ನ ಮಗಳ ಮನೆ ಮುರ್ದೆ."

ರಾಧಾ ತಲೆಯ ಮೇಲಿನ ಕುಕ್ಕೆ ಇಳಿಸಿದಳು.

"ಇಷ್ಟು ವರ್ಷ ನನ್ನ ಅಣೆಬರ ಅಂದ್ಕೊಂಡಿದ್ನಲ್ಲವ್ವ," ಎಂದಳು.

ಆ ಆಡಿಯಲ್ಲಿ ಬಿಳಿಯಮ್ಮ ಎದ್ದಳು. ಕಲೈವಾಣಿ ಗಂಡನ ಮನೆಯಲ್ಲಿ ಉಳಿದಳು. ರಾಧಾ ಮೆಟ್ಟೂರಿನಲ್ಲಿ ಗಿರಣಿ ಕೆಲಸಕ್ಕೆ ಸೇರಿದಳು, ಮತ್ತೆ ತಾಯಿಯ ಅಂಗಳ ತುಳಿಯಲಿಲ್ಲ. ಸಿದ್ದಲಕ್ಷ್ಮಮ್ಮ ಆ ಅಂಗಳವನ್ನು ಗುಡಿಸುವುದನ್ನೇ ಬಿಟ್ಟಳು.