ನೀರಿಲ್ಲದ ಸ್ನಾನ

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಕೂಸುಗಳಿಗೆ ನೀರೆರೆಯುವುದರಲ್ಲಿ ನಮ್ಮ ಕೇರಿಗೆಲ್ಲ ನಾನೇ ಬೇಕಿತ್ತು. ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸಿಕೊಂಡರೆ ಎಂಥ ಅಳುಬುರುಕ ಕೂಸೂ ಸುಮ್ಮನಾಗುತ್ತಿತ್ತು. ಆ ಧೈರ್ಯದ ಮೇಲೆಯೇ ಮಗಳ ಬಾಣಂತನಕ್ಕೆ ಅಮೆರಿಕದ ಡಬ್ಲಿನ್ನಿಗೆ ಬಂದಿದ್ದೆ.

ಮೊಮ್ಮಗಳು ಹುಟ್ಟಿದಳು. ಬೆಣ್ಣೆ ಮುದ್ದೆ! ಅವಳ ಮುಖ ನೋಡುತ್ತ ಕೂತರೆ ನನಗೆ ಊಟ ಬೇಡ, ನಿದ್ದೆ ಬೇಡ. ಆದರೆ ಮೂರು ತಿಂಗಳು ತುಂಬಿದರೂ ನೀರೆರೆಯಲು ಒಂದು ದಿನ ನನ್ನ ಕೈಗೆ ಕೊಡಲಿಲ್ಲ. ಆಸ್ಪತ್ರೆಯ ಕ್ಲಾಸಿನಲ್ಲಿ ಕಲಿಸಿದ ಹಾಗೆ ಮಗಳೇ ಪ್ಲಾಸ್ಟಿಕ್ ಟಬ್ಬಿನಲ್ಲಿ ಮೀಯಿಸುತ್ತಿದ್ದಳು. ಟವೆಲು ಹಿಡಿದು ನಿಲ್ಲುವುದು ನನ್ನ ಪಾಲಿನ ಬಾಣಂತನ.

ನಾನು ಊರಿಗೆ ಹೊರಡಲು ಮೂರು ದಿನ ಇತ್ತು. ಕಂಪ್ಯೂಟರ್ ಕಂಪನಿಗಳು ಕುಣಿಯುತ್ತಿದ್ದ ಕಾಲ, ಅಳಿಯನಿಗೆ ಭಾನುವಾರವೂ ಆಫೀಸೇ. ಅವತ್ತು ರಜ ಹಾಕಿ, ಇಲ್ಲಿಯ ಹಳ್ಳಿ ತೋರಿಸುತ್ತೇನೆಂದು ಕಾರು ಹತ್ತಿಸಿದ. ಫ್ರೀವೇ ಬಿಟ್ಟ ಮೇಲೆ ಒಣಹುಲ್ಲಿನ ಗುಡ್ಡಗಳು, ನಡುನಡುವೆ ಮರದ ಬಿಳಿ ಚರ್ಚು, ಬಣ್ಣ ಹೋದ ದನದ ಕೊಟ್ಟಿಗೆ. ನೂರು ವರ್ಷದವಂತೆ. ಒಂದೊಂದರ ಮುಂದೆಯೂ ಇಳಿದು ಮಗಳು ಅಳಿಯ ಇಬ್ಬರೂ ಫೋಟೋ ತೆಗೆದರು. ಹಳೇ ಹಲಗೆಗೆ ಇಷ್ಟು ಮರ್ಯಾದೆ ಕೊಡುವವರು ಹಳೇ ಕೈಯನ್ನು ನಂಬಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಕೊನೆಯ ಚರ್ಚಿನ ಎದುರಿಗೇ ಒಂದು ಕೊಟ್ಟಿಗೆ. ಕೂಸನ್ನು ಕಾರಿನಿಂದ ಅದರ ಪುಟ್ಟ ಸೀಟಿನ ಸಮೇತ ಎತ್ತಿ ಕೊಟ್ಟಿಗೆಯ ನೆರಳಲ್ಲಿಟ್ಟು, ನನ್ನನ್ನು ಕಾವಲಿಗೆ ಬಿಟ್ಟು, ಅವರು ರಸ್ತೆ ದಾಟಿದರು.

ನಾನು ತಡಮಾಡಲಿಲ್ಲ. ಬೆಲ್ಟು ಬಿಚ್ಚಿ, ಹುಲ್ಲಿನ ಮೇಲೆ ಕಾಲು ನೀಡಿ ಕೂತು, ಕೂಸನ್ನು ಮಲಗಿಸಿಕೊಂಡೆ. ಎಣ್ಣೆ ಇಲ್ಲ, ನೀರಿಲ್ಲ. ಬರಿಗೈಯಲ್ಲೇ ಎದೆ ತಿಕ್ಕಿ, ಕೈಕಾಲು ನೀವಿ, ಬೊಗಸೆಯಲ್ಲಿ ಗಾಳಿ ಮೊಗೆದು ಹುಸ್ ಹುಸ್ ಎಂದು ಸುರಿದೆ. ನನ್ನನ್ನೇ ನೋಡುತ್ತಿದ್ದವಳು ಕೇಕೆ ಹಾಕಿ ನಕ್ಕಳು. ಅಲ್ಲಿಯವರೆಗೆ ಸದ್ದು ಮಾಡಿ ನಕ್ಕವಳೇ ಅಲ್ಲ. ನನಗೆ ಏಳು ಜನ್ಮದ ಪುಣ್ಯ ಕೈಗೆ ಬಂದ ಹಾಗಾಯಿತು.

ಅವರು ತಿರುಗಿ ಬರುವಷ್ಟರಲ್ಲಿ ಸೀಟಿಗೆ ಮಲಗಿಸಿದ್ದೆ. ಕೂದಲಲ್ಲೊಂದು ಹುಲ್ಲುಕಡ್ಡಿ ಉಳಿದಿತ್ತು.

"ಕೆಳಗೆ ಮಲಗಿಸಿದ್ಯೇನವ್ವಾ?"

"ಇಲ್ಲ ಕಣೇ. ಗಾಳಿಗೆ ಬಂದಿರ್ಬೇಕು."

"ಇಲ್ಲೆಲ್ಲಾ ಹುಳ ಇರುತ್ತೆ. ಇದೇನು ನಿಮ್ಮೂರಲ್ಲ."

ನಿಮ್ಮೂರಂತೆ. ಈ ಕಾಲ ಮೇಲೆಯೇ ಮಿಂದು ಬೆಳೆದವಳು.

ಮಾರನೆಯ ಬೆಳಿಗ್ಗೆ ಟಬ್ಬಿನಲ್ಲಿ ಕೂಸು ಸದ್ದು ಮಾಡಿ ನಕ್ಕಿತು. ಮಗಳು ಒದ್ದೆ ಕೈಯಲ್ಲೇ ಗಂಡನ ಆಫೀಸಿಗೆ ಫೋನು ಮಾಡಿದಳು. "ಅವ್ವಾ, ಫಸ್ಟ್ ಟೈಮ್ ನಕ್ಲು, ನೋಡಿದ್ಯಾ?" ಎಂದಳು.

ನೋಡಿದೆ ಎಂದೆ. ಮೊದಲನೆಯದು ಯಾವುದೆಂದು ಹೇಳಬೇಕಾದರೆ ಹುಲ್ಲುಕಡ್ಡಿಯ ವಿಷಯವನ್ನೂ ಹೇಳಬೇಕಿತ್ತು. ಟವೆಲು ಬಿಡಿಸಿ ಹಿಡಿದೆ.